ಸಿಂಗಪುರದಲ್ಲಿ ಊಟದ ಅಂಗಡಿ ಅಳೆಯೋದು ಹೇಗೆ? ಬಿಟ್ಟಿ ಚಟ್ನಿಯಿಂದ ಶುರು ಮಾಡಿ

ಸಿಂಗಪುರಕ್ಕೆ ಬರುವ ನಮ್ಮ ಕಡೆಯವರು ಮೊದಲ ದಿನ ಮಾಡುವ ಕೆಲಸ ಒಂದೇ. ಮೆನು ನೋಡೋದು, ಎಪ್ಪತ್ತರಿಂದ ಗುಣಿಸೋದು, ನಿಟ್ಟುಸಿರು ಬಿಡೋದು. ಒಂದು ಸಿಂಗಪುರ ಡಾಲರಿಗೆ ಹೆಚ್ಚುಕಮ್ಮಿ 70 ರೂಪಾಯಿ ಲೆಕ್ಕ. ಐದು ಡಾಲರಿನ ಚಿಕನ್ ರೈಸ್ ಅಂದರೆ 350 ರೂಪಾಯಿ. "ಇಷ್ಟಕ್ಕೆ ಊರಲ್ಲಿ ನಾಲ್ಕು ಜನ ತಿಂಡಿ ತಿಂದು ಕಾಫಿ ಕುಡೀಬಹುದಿತ್ತು" ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಗುಣಾಕಾರದಿಂದ ಅಂಗಡಿ ಒಳ್ಳೆಯದೋ ಕೆಟ್ಟದ್ದೋ ಅಂತ ಗೊತ್ತಾಗೋದಿಲ್ಲ. ಇಲ್ಲಿ ಐದು ಡಾಲರಿಗೆ ಬೆರಳು ಚೀಪುವಂಥ ಊಟ ಸಿಗುತ್ತದೆ. ಇಪ್ಪತ್ತೈದು ಡಾಲರಿಗೆ ಸಪ್ಪೆ ನೂಡಲ್ಸೂ ಸಿಗುತ್ತದೆ.

ನಾನು ಕುಂದಾಪುರದ ಕಡೆಯವನು. ಅಪ್ಪಯ್ಯ ಶಿವಮೊಗ್ಗದಲ್ಲಿ ಹೋಟೆಲ್ ನಡೆಸುತ್ತಿದ್ದರು. ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು ಬೆಳೆದವನಿಗೆ ಎಲ್ಲಿಗೆ ಹೋದರೂ ಮೊದಲು ಅಡುಗೆಮನೆ ಕಡೆಗೇ ಕಣ್ಣು ಹೋಗುತ್ತದೆ. ಈಗ ಕೆಲಸ, ಸಂಸಾರ ಎಲ್ಲ ಸಿಂಗಪುರದಲ್ಲಿ. ಊರಿಂದ ಯಾರೇ ಬರಲಿ, ಊಟಕ್ಕೆ ಕರಕೊಂಡು ಹೋಗುವ ಜವಾಬ್ದಾರಿ ನನ್ನ ಮೇಲೆ ಬೀಳುತ್ತದೆ. ನಾನು ಸಿಕ್ಕಿದ್ದೆಲ್ಲ ತಿನ್ನುವವನು, ಹೆಂಡತಿ ಮೊಟ್ಟೆಯನ್ನೂ ಮುಟ್ಟದವಳು. ಹಾಗಾಗಿ ಎರಡೂ ಕಡೆಯ ಕಷ್ಟಸುಖ ಗೊತ್ತು.

ಅಪ್ಪಯ್ಯ ಬೇರೆಯವರ ಹೋಟೆಲಿಗೆ ಹೋದರೆ ಮೊದಲು ಚಟ್ನಿಯನ್ನು ನಾಲಿಗೆಗೆ ಹಚ್ಚಿ ನೋಡೋರು. ದೋಸೆ ಮುರಿಯೋದು ಆಮೇಲೆ. ದೋಸೆಗೆ ದುಡ್ಡು ಬರುತ್ತದೆ, ಚಟ್ನಿಗೆ ಬರಲ್ಲ. ದುಡ್ಡು ಹುಟ್ಟದ ಪದಾರ್ಥದಲ್ಲೇ ಮಾಲೀಕ ಎಂಥವನು ಅಂತ ಗೊತ್ತಾಗೋದು ಅನ್ನೋದು ಅವರ ಲೆಕ್ಕ. ಇಲ್ಲಿಯ ಚೈನೀಸ್, ಮಲಯ್, ಇಂಡಿಯನ್ ಅಂಗಡಿಗಳಿಗೂ ಇದೇ ಅಳತೆಗೋಲು ಸಾಕು. ಕೋಳಿ ನೋಡಬೇಡಿ, ಅನ್ನ ನೋಡಿ. ಪ್ರಾಟ ಅನ್ನುವ ಇಲ್ಲಿಯ ಪರೋಟ ನೋಡಬೇಡಿ, ಜೊತೆಗೆ ಬಿಟ್ಟಿ ಬರುವ ಸಾರು ನೋಡಿ. ನೂಡಲ್ಸಿನ ಮೇಲಿರುವ ಸಿಗಡಿ ಎಣಿಸಬೇಡಿ, ಅಡಿಯಲ್ಲಿರುವ ನೀರು ಕುಡಿದು ನೋಡಿ.

ಮೊದಲು ಎಂಥ ಜಾಗ ಅಂತ ತಿಳಿದುಕೊಳ್ಳಿ

ಸಾಮಾನ್ಯ ಜನ ಹೊರಗೆ ತಿನ್ನುವ ಜಾಗಗಳು ಇಲ್ಲಿ ನಾಲ್ಕು ಥರ. ಹಾಕರ್ ಸೆಂಟರ್, ಕೋಪಿಟಿಯಾಮ್, ಮಾಲ್ ಒಳಗಿನ ಫುಡ್ ಕೋರ್ಟ್, ಆಮೇಲೆ ಮೇಜಿಗೆ ತಂದುಕೊಡುವ ರೆಸ್ಟೋರೆಂಟ್.

ಹಾಕರ್ ಸೆಂಟರ್ ಅಂದರೆ ಒಂದು ದೊಡ್ಡ ಚಾವಣಿ, ಅದರಡಿ ಸಾಲು ಸಾಲು ಚಿಕ್ಕ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಇವರೆಲ್ಲ ಮೊದಲು ರಸ್ತೆಬದಿ ವ್ಯಾಪಾರಿಗಳು. 1970-80ರ ದಶಕಗಳಲ್ಲಿ ಸರ್ಕಾರ ಅವರನ್ನು ಬೀದಿಯಿಂದ ಎಬ್ಬಿಸಿ, ನಲ್ಲಿ ನೀರು, ಚರಂಡಿ ಇರುವ ಕಟ್ಟಡಗಳಿಗೆ ತಂದು ಕೂರಿಸಿತು. ಈಗ ಇಂಥವು ನೂರಕ್ಕೂ ಜಾಸ್ತಿ ಇವೆ. 2020ರಲ್ಲಿ ಈ ಹಾಕರ್ ಸಂಸ್ಕೃತಿ ಯುನೆಸ್ಕೊ ಪಟ್ಟಿಗೂ ಸೇರಿತು. ಕೋಪಿಟಿಯಾಮ್ ಅದರ ಖಾಸಗಿ ತಮ್ಮ. ಸಾಮಾನ್ಯವಾಗಿ ವಸತಿ ಕಟ್ಟಡದ ಕೆಳಗೆ ಇರುತ್ತದೆ, ಒಳಗೆ ಕೆಲವು ಅಂಗಡಿಗಳು ಬಾಡಿಗೆಗೆ ಇರುತ್ತವೆ.

ಒಂದೇ ಚಿಕನ್ ರೈಸ್ ಹಾಕರ್ ಸೆಂಟರಿನಲ್ಲಿ 4ರಿಂದ 6 ಡಾಲರ್. ಫುಡ್ ಕೋರ್ಟಿನಲ್ಲಿ 6ರಿಂದ 8. ರೆಸ್ಟೋರೆಂಟಿನಲ್ಲಿ 10 ದಾಟುತ್ತದೆ, ಮೇಲೆ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ. ಕೋಳಿಯಲ್ಲಿ ಅಷ್ಟೇನೂ ವ್ಯತ್ಯಾಸ ಇರಲ್ಲ. ನೀವು ಕೊಡೋದು ಎಸಿಗೆ ಮತ್ತು ಬಾಡಿಗೆಗೆ. ವಯಸ್ಸಾದ ಅಮ್ಮನನ್ನು ಕರಕೊಂಡು ಬಂದಿದ್ದೀರಿ, ಹೊರಗೆ ಮಧ್ಯಾಹ್ನದ ಧಗೆ ಅಂದರೆ ಆ ಎರಡು ಡಾಲರ್ ಜಾಸ್ತಿ ಕೊಡೋದರಲ್ಲಿ ತಪ್ಪಿಲ್ಲ. ಎಸಿಗೆ ಕೊಡ್ತಾ ಇದ್ದೀನಿ ಅಂತ ತಿಳಿದು ಕೊಡಿ, ಅಷ್ಟೇ.

ಹಾಕರ್ ಸೆಂಟರುಗಳೆಲ್ಲ ಒಂದೇ ಬೆಲೆ ಅಂತಲೂ ಇಲ್ಲ. ಲಾವ್ ಪಾ ಸಾತ್ ಕಟ್ಟಡ ನೋಡೋಕೆ ಬಲು ಚಂದ, ಎರಕದ ಕಬ್ಬಿಣದ ಕಮಾನುಗಳು, 1894ರದ್ದು. ಸಂಜೆ ಪಕ್ಕದ ರಸ್ತೆ ಮುಚ್ಚಿ, ಕಡ್ಡಿಗೆ ಚುಚ್ಚಿದ ಮಾಂಸದ ಸಾಟೆ ಸುಡುತ್ತಾರೆ. ಆದರೆ ಬೆಲೆ ಕಚೇರಿ ಬೀದಿಯ ಬೆಲೆ. ಇದಕ್ಕೆ ಹೋಲಿಸಿದರೆ ಇನ್ನೂರಕ್ಕೂ ಹೆಚ್ಚು ಅಂಗಡಿಗಳಿರುವ ಚೈನಾಟೌನ್ ಕಾಂಪ್ಲೆಕ್ಸಿನಲ್ಲೋ ಓಲ್ಡ್ ಏರ್‌ಪೋರ್ಟ್ ರೋಡಿನಲ್ಲೋ ಅದೇ ದುಡ್ಡಿಗೆ ಹೊಟ್ಟೆ ಜಾಸ್ತಿ ತುಂಬುತ್ತದೆ.

ಅನ್ನ ಮೊದಲು, ಕೋಳಿ ಆಮೇಲೆ

ಚಿಕನ್ ರೈಸ್ ನೋಡೋಕೆ ತೀರಾ ಬಡಪಾಯಿ. ಬಿಳಿ ಕೋಳಿ, ಬಿಳಿ ಅನ್ನ, ನಾಲ್ಕು ಸೌತೆಕಾಯಿ ಹೋಳು. ನಮ್ಮವರು ಮೊದಲ ಸಲ ನೋಡಿದಾಗ "ಇದಕ್ಕೆ ಮಸಾಲೆ ಹಾಕೋದು ಮರೆತರಾ?" ಅಂತ ಕೇಳುತ್ತಾರೆ. ಚೀನಾದ ಹೈನಾನ್ ದ್ವೀಪದಿಂದ ಬಂದವರು ಇಲ್ಲಿ ಬೆಳೆಸಿದ ಅಡುಗೆ ಇದು. ಮುಚ್ಚಿಡೋಕೆ ಮಸಾಲೆ ಇಲ್ಲ, ಹಾಗಾಗಿ ಅಂಗಡಿ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೆಯ ತಟ್ಟೆ ಇನ್ನೊಂದಿಲ್ಲ.

ತಟ್ಟೆ ಬಂದ ಕೂಡಲೇ ಸಾಸ್ ಸುರಿಯಬೇಡಿ. ಒಂದು ಚಮಚ ಬರೀ ಅನ್ನ ಬಾಯಿಗೆ ಹಾಕಿ. ಈ ಅನ್ನವನ್ನು ಕೋಳಿ ಕೊಬ್ಬಿನಲ್ಲಿ ಬೆಳ್ಳುಳ್ಳಿ, ಶುಂಠಿ ಜೊತೆ ಹುರಿದು, ಕೋಳಿ ಬೇಯಿಸಿದ ನೀರಿನಲ್ಲೇ ಬೇಯಿಸಿರುತ್ತಾರೆ. ಪರಿಮಳಕ್ಕೆ ಪಾಂಡನ್ ಅನ್ನುವ ಎಲೆಯೂ ಬಿದ್ದಿರುತ್ತದೆ. ಸರಿಯಾಗಿ ಮಾಡಿದ್ದರೆ ಅಗುಳು ಅಗುಳು ಬಿಡಿಯಾಗಿರುತ್ತದೆ, ಮೇಲೆ ತೆಳುವಾಗಿ ಜಿಡ್ಡಿನ ಹೊಳಪು ಇರುತ್ತದೆ, ಆದರೆ ತಟ್ಟೆಯ ಅಡಿಯಲ್ಲಿ ಎಣ್ಣೆ ನಿಂತಿರಲ್ಲ. ಬರೀ ಅನ್ನವನ್ನೇ ತಿಂದು ಮುಗಿಸಬಹುದು ಅನ್ನಿಸಬೇಕು. ಮುದ್ದೆಯಾಗಿದ್ದರೆ, ಇಲ್ಲವೇ ಹಳದಿ ಬಣ್ಣವಿದ್ದೂ ವಾಸನೆಯೇ ಇಲ್ಲದಿದ್ದರೆ, ಆ ಅಂಗಡಿಯವರು ಕೋಳಿಯನ್ನು ಎಷ್ಟು ಚಂದ ಜೋಡಿಸಿಟ್ಟಿದ್ದರೂ ನನಗೆ ಬೇಡ.

ಎರಡನೆಯದು ಕೆಂಪು ಮೆಣಸಿನ ಸಾಸ್. ಮೆಣಸು, ಬೆಳ್ಳುಳ್ಳಿ, ಶುಂಠಿ, ಸಣ್ಣ ನಿಂಬೆಯ ಹುಳಿ, ಸ್ವಲ್ಪ ಕೋಳಿ ನೀರು. ಅವತ್ತೇ ರುಬ್ಬಿದ್ದಾದರೆ ಮೂಗಿಗೆ ನಿಂಬೆ ಮೊದಲು ಬರುತ್ತದೆ, ಖಾರ ಆಮೇಲೆ. ಬಾಟಲಿಯಿಂದ ಸುರಿದದ್ದಾದರೆ ಸಕ್ಕರೆ ಮೊದಲು ಬರುತ್ತದೆ. ಇದಕ್ಕೆ ಯಾರೂ ದುಡ್ಡು ತಗೊಳ್ಳಲ್ಲ, ಅದಕ್ಕೇ ಇಲ್ಲಿ ಕಳ್ಳತನ ಮಾಡೋದು ಸುಲಭ. ಜೊತೆಗೆ ಒಂದು ಚಿಕ್ಕ ಬಟ್ಟಲು ಸೂಪ್ ಕೊಡುತ್ತಾರೆ. ಅದರಲ್ಲಿ ಕೋಳಿ ಇದೆಯೋ ಬರೀ ಪುಡಿ ಇದೆಯೋ ಅಂತ ಒಂದು ಗುಟುಕಿಗೆ ತಿಳಿಯುತ್ತದೆ. ಪುಡಿಯದ್ದಾದರೆ ಕುಡಿದ ಮೇಲೂ ನಾಲಿಗೆ ಒಣಗಿ ನೀರು ಕೇಳುತ್ತದೆ.

ಇನ್ನು ಕೋಳಿ. ಕುದಿಯುವ ನೀರಲ್ಲಿ ಬೇಯಿಸಲ್ಲ. ಕುದಿ ಬರುವ ಮುಂಚಿನ ಬಿಸಿಯಲ್ಲಿ ಮುಳುಗಿಸಿಟ್ಟು, ಆಮೇಲೆ ಐಸ್ ನೀರಿಗೆ ಹಾಕುತ್ತಾರೆ. ಚರ್ಮ ಬಿಗಿಯಾಗಿ, ಅದರ ಕೆಳಗೆ ತೆಳುವಾದ ಜೆಲ್ಲಿ ಪದರ ಬರುತ್ತದೆ. ಮೂಳೆಯ ಹತ್ತಿರ ಕೊಂಚ ಕೆಂಪಗಿರುತ್ತದೆ. ಬೆಂದಿಲ್ಲ ಅಂತ ಗಾಬರಿ ಬೇಡ, ಈ ಅಡುಗೆಯಲ್ಲಿ ಅದು ಮಾಮೂಲು. ಮಾಂಸ ತಣ್ಣಗೆ, ಹೆಚ್ಚೆಂದರೆ ಉಗುರುಬೆಚ್ಚಗೆ ಬರುತ್ತದೆ. "ಬಿಸಿ ಮಾಡಿ ಕೊಡಿ" ಅಂತ ಕೇಳಿದರೆ ಅಂಕಲ್ ಮುಖ ನೋಡೋ ಹಾಗಿರುತ್ತದೆ. ಬಿಸಿಯಾಗಿರಬೇಕಾದ್ದು ಅನ್ನ ಮತ್ತು ಸೂಪ್ ಮಾತ್ರ.

ಮ್ಯಾಕ್ಸ್‌ವೆಲ್ ಫುಡ್ ಸೆಂಟರಿನ ತಿಯಾನ್ ತಿಯಾನ್ ಅಂಗಡಿಯ ಹೆಸರು ನೀವು ಕೇಳಿರಬಹುದು. ಚೆನ್ನಾಗಿದೆ, ಅನುಮಾನವೇ ಇಲ್ಲ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಆ ಕ್ಯೂ ನಿಲ್ಲೋಕೆ ಮನಸ್ಸಿಲ್ಲದಿದ್ದರೆ ಬೇಜಾರು ಬೇಡ. ಹೆಚ್ಚುಕಮ್ಮಿ ಪ್ರತಿ ಬಡಾವಣೆಯಲ್ಲೂ ಅನ್ನ ಚೆನ್ನಾಗಿ ಮಾಡುವ ಒಬ್ಬ ಅಂಕಲ್ ಇದ್ದೇ ಇರುತ್ತಾನೆ.

ಪ್ರಾಟ ಅಂಗಡಿಯಲ್ಲಿ ಕಿವಿ ಕೊಡಿ

ಇಲ್ಲಿಯ ರೋಟಿ ಪ್ರಾಟ ನಮ್ಮ ಮಲಬಾರ್ ಪರೋಟದ ನೆಂಟ. ಸಾದಾ ಪ್ರಾಟಕ್ಕೆ "ಕೋಸೊಂಗ್" ಅನ್ನಬೇಕು. ಒಂದೂವರೆ ಡಾಲರ್ ಆಸುಪಾಸು. ಮೊದಲು ನೋಡಬೇಕಾದ್ದು ಕಾವಲಿಯ ಪಕ್ಕ. ಬೇಯಿಸಿಟ್ಟ ಪ್ರಾಟಗಳ ರಾಶಿ ಇದ್ದು, ಕೇಳಿದಾಗ ಸುಮ್ನೆ ಬಿಸಿ ಮಾಡಿ ಕೊಡುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ. ಹಿಟ್ಟಿನ ಉಂಡೆ ತಗೊಂಡು ಗಾಳಿಯಲ್ಲಿ ಬೀಸಿ ಹಿಗ್ಗಿಸುವ ಶಬ್ದ, ಬೆಂದ ಮೇಲೆ ಎರಡು ಕೈಯಿಂದ ತಟ್ಟಿ ಪದರ ಬಿಡಿಸುವ ಶಬ್ದ, ಇವೆರಡೂ ಕೇಳಿಸಬೇಕು.

ಜೊತೆಗೆ ಬರುವ ಸಾರು ಬಿಟ್ಟಿ. ಮೀನು ಸಾರು, ಕೋಳಿ ಸಾರು, ದಾಲ್, ಯಾವುದು ಬೇಕು ಅಂತ ಕೆಲವರು ಕೇಳುತ್ತಾರೆ. ಸಸ್ಯಾಹಾರಿಗಳು ಕೇಳುವ ಮೊದಲೇ "ದಾಲ್ ಓನ್ಲಿ" ಅಂದುಬಿಡಿ. ಕೇಳದೇ ಮೀನು ಸಾರು ಸುರಿಯುವವರು ಉಂಟು. ದಾಲ್ ಅಂತ ಕೊಟ್ಟಿದ್ದರಲ್ಲಿ ಬೇಳೆ ಬೆಂದು ಕರಗಿ, ಬದನೆಯೋ ಕ್ಯಾರೆಟ್ಟೋ ಸಿಕ್ಕಿದರೆ ಅಂಗಡಿಯವನು ಮರ್ಯಾದಸ್ಥ. ಅರಿಶಿನದ ನೀರು ಕೊಟ್ಟರೆ ಅಲ್ಲಿ ಮಟನ್ ಬಿರಿಯಾನಿಯನ್ನೂ ತಗೊಳ್ಳಬೇಡಿ. ಬಿಟ್ಟಿ ಸಾರು ಇನ್ನೊಮ್ಮೆ ಹಾಕಿಸಿಕೊಳ್ಳೋಕೆ ಸಂಕೋಚ ಬೇಡ. ಒಳ್ಳೆ ಅಂಗಡಿಯವರು ಮಾತಾಡದೇ ಹಾಕುತ್ತಾರೆ.

ಬಾಣಲೆ ಎಷ್ಟು ತುಂಬಿದೆ?

ಚಾರ್ ಕ್ವೇ ಟಿಯೋ ಅಂದರೆ ಅಗಲವಾದ ಅಕ್ಕಿ ನೂಡಲ್ಸನ್ನು ಕಪ್ಪು ಸೋಯಾ ಸಾಸ್, ಮೊಟ್ಟೆ, ಚಿಪ್ಪಿನ ಮಾಂಸ, ಚೈನೀಸ್ ಸಾಸೇಜ್ ಹಾಕಿ ಜೋರು ಉರಿಯಲ್ಲಿ ಹುರಿಯೋದು. ಸಾಮಾನ್ಯವಾಗಿ ಹಂದಿ ಕೊಬ್ಬು ಇರುತ್ತದೆ, ತಿನ್ನದವರು ಗಮನಿಸಿ. ಇದರ ಜೀವ ಇರೋದು ಬಾಣಲೆಯ ಬಿಸಿಯಿಂದ ಹತ್ತುವ ಆ ಸುಟ್ಟ ಪರಿಮಳದಲ್ಲಿ. ಇಲ್ಲಿಯವರು ವೋಕ್ ಹೇ ಅನ್ನುತ್ತಾರೆ. ಬಾಣಲೆ ತುಂಬಿಸಿದರೆ ಬಿಸಿ ಇಳಿಯುತ್ತದೆ, ನೂಡಲ್ಸ್ ಹುರಿಯೋ ಬದಲು ಬೇಯುತ್ತದೆ. ಆದ್ದರಿಂದ ಆರ್ಡರ್ ಮಾಡುವ ಮೊದಲು ಒಂದು ನಿಮಿಷ ನಿಂತು ನೋಡಿ. ಒಂದು ಸಲಕ್ಕೆ ಒಂದೆರಡು ತಟ್ಟೆ ಹುರಿಯುತ್ತಿದ್ದರೆ ನಿಲ್ಲಿ. ಎಂಟು ತಟ್ಟೆಯದ್ದನ್ನು ಒಟ್ಟಿಗೆ ಹುರಿದು ಪಾಲು ಹಾಕುತ್ತಿದ್ದರೆ ಬೇಡ. ಕ್ಯೂ ನಿಧಾನ ಆಗೋದು ಇಲ್ಲಿ ಒಳ್ಳೆ ಲಕ್ಷಣ. ಚಿಕನ್ ರೈಸ್ ಅಂಗಡಿಯಲ್ಲಿ ಕ್ಯೂ ನಿಧಾನವಾದರೆ ಅದು ಸೋಮಾರಿತನ.

ಲಾಕ್ಸಾ ಅನ್ನುವ ತೆಂಗಿನಹಾಲಿನ ನೂಡಲ್ಸ್, ಮೀನು ಸೂಪ್, ಸಿಗಡಿ ನೂಡಲ್ಸ್, ಇವೆಲ್ಲಕ್ಕೂ ಮೊದಲು ಸೂಪ್ ಕುಡಿದು ನೋಡೋ ನಿಯಮವೇ ಸಾಕು. ಜಾಸ್ತಿ ಹೇಳೋದೇನಿಲ್ಲ.

ಬೆಲೆ ಬರೆಯದ ಅಂಗಡಿ

ಮೂವತ್ತು ಬಗೆ ಪಲ್ಯಗಳನ್ನು ತಟ್ಟೆಗಳಲ್ಲಿ ಜೋಡಿಸಿಟ್ಟು, ನೀವು ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಹಾಕಿಕೊಡುವ ಅಂಗಡಿ ಎಲ್ಲ ಕಡೆ ಇರುತ್ತದೆ. ಚಾಯ್ ಪಂಗ್ ಅನ್ನುತ್ತಾರೆ. ಕಚೇರಿ ಹುಡುಗರ ನಿತ್ಯದ ಊಟ ಇದೇ. ಒಂದು ಮಾಂಸ, ಎರಡು ತರಕಾರಿ ಹಾಕಿಸಿದರೆ 4-5 ಡಾಲರ್. ಬೆಲೆಪಟ್ಟಿ ಎಷ್ಟೋ ಕಡೆ ಇರಲ್ಲ. ಆಂಟಿ ತಟ್ಟೆ ಕಡೆ ಒಮ್ಮೆ ನೋಡಿ ರೇಟು ಹೇಳಿಬಿಡುತ್ತಾಳೆ. ಆ ಲೆಕ್ಕ ಹೇಗೆ ಬಂತು ಅಂತ ಸಿಂಗಪುರದವರೇ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಇಲ್ಲಿ ದುಬಾರಿ ಆಗೋದು ಎರಡರಿಂದ. ಒಂದು, ಇಡೀ ಮೀನು ಮತ್ತು ಸಿಗಡಿ. ಅದಕ್ಕೆ ಕೈ ತೋರಿಸುವ ಮೊದಲೇ "ದಿಸ್ ಒನ್ ಹೌ ಮಚ್?" ಅಂತ ಕೇಳಿ. ಇನ್ನೊಂದು, ಅರ್ಧ ಅರ್ಧ ಸೌಟು ಅಂತ ಐದಾರು ಬಗೆ ಹಾಕಿಸಿಕೊಳ್ಳೋದು. ಸೌಟು ಅರ್ಧವಾದರೂ ಲೆಕ್ಕ ಪೂರ್ತಿಯದ್ದೇ. ಮೂರು ಬಗೆಗೆ ನಿಲ್ಲಿಸಿ. ಮೇಲೆ ಸಾರು ಸುರಿಸಿಕೊಳ್ಳೋದು ಬಿಟ್ಟಿ, ಆದರೆ ಅದು ಮಾಂಸದ ಸಾರು. ಬೇಳೆಯದ್ದಲ್ಲ.

ಮೂರು ಗಂಟೆಗೆ ಹೋದರೆ ಹನ್ನೊಂದಕ್ಕೆ ಮಾಡಿಟ್ಟಿದ್ದೇ ಸಿಗುತ್ತದೆ. ಸೊಪ್ಪಿನ ಬಣ್ಣ ನೋಡಿ. ಹಸಿರಾಗಿದ್ದರೆ ತಗೊಳ್ಳಿ, ಖಾಕಿ ಬಣ್ಣಕ್ಕೆ ತಿರುಗಿದ್ದರೆ ಬೇರೆ ಅಂಗಡಿ ಹುಡುಕಿ.

ನಗದ ಆಂಟಿಗೆ ಎಷ್ಟು ಮಾರ್ಕ್ಸ್?

ನಮ್ಮವರ ದೊಡ್ಡ ದೂರು ಇದು. "ಊಟ ಚೆನ್ನಾಗಿತ್ತು, ಆದರೆ ಆ ಹೆಂಗಸು ಮುಖ ಗಂಟಿಕ್ಕಿಕೊಂಡೇ ಇತ್ತು." ಸ್ವಾಮಿ, ಆಯಮ್ಮ ಬೆಳಗಿನ ಜಾವದಿಂದ ನಿಂತಿರುತ್ತಾಳೆ, ಎದುರಿಗೆ ಉರಿಯುವ ಒಲೆ, ನಿಮ್ಮ ಹಿಂದೆ ಹದಿನೈದು ಜನ. ಅವಳಿಂದ ನಗು ಬಯಸಬೇಡಿ. ಬಯಸಬೇಕಾದ್ದು ಬೇರೆ.

ಹೇಳಿದ್ದು ಸರಿಯಾಗಿ ಬಂತಾ? "ನೋ ಚಿಲ್ಲಿ" ಅಂದಿದ್ದು ನೆನಪಿತ್ತಾ? ನಿಮಗಿಂತ ಹಿಂದೆ ನಿಂತವನಿಗೆ ಮೊದಲು ಕೊಟ್ಟಳಾ? ಚಿಲ್ಲರೆ ಸರಿ ಕೊಟ್ಟಳಾ? ಇಷ್ಟು ಸರಿಯಿದ್ದರೆ ನನ್ನ ಪ್ರಕಾರ ಫಸ್ಟ್ ಕ್ಲಾಸ್ ಸರ್ವಿಸ್. ಇನ್ನೊಂದು ವಿಷಯ ಅಪ್ಪಯ್ಯನ ಹೋಟೆಲಿನಿಂದ ಬಂದ ಅಭ್ಯಾಸ. ದುಡ್ಡು ಮುಟ್ಟಿದ ಕೈ ಊಟ ಮುಟ್ಟುತ್ತದಾ ಅಂತ ನೋಡುತ್ತೇನೆ. ಇಬ್ಬರಿರುವ ಅಂಗಡಿಯಲ್ಲಿ ಒಬ್ಬರು ಕತ್ತರಿಸುತ್ತಾರೆ, ಇನ್ನೊಬ್ಬರು ದುಡ್ಡು ನೋಡಿಕೊಳ್ಳುತ್ತಾರೆ. ಒಬ್ಬರೇ ಇದ್ದರೆ ಒಂದು ತಟ್ಟೆಯಲ್ಲಿ ದುಡ್ಡು ಇಡಿಸಿ, ಚಿಲ್ಲರೆಯನ್ನು ನಾವೇ ಎತ್ತಿಕೊಳ್ಳೋ ಹಾಗೆ ಮಾಡಿರುತ್ತಾರೆ. ಅದನ್ನು ಒರಟುತನ ಅಂದುಕೊಳ್ಳಬೇಡಿ, ಶುಚಿತ್ವ ಅದು. ಹಾಗೇ ಕತ್ತರಿಸುವ ಹಲಗೆ ಮತ್ತು ಅದನ್ನು ಒರೆಸುವ ಬಟ್ಟೆ ಕಡೆಗೂ ಒಂದು ನೋಟ ಹಾಕಿ.

ನಿಮ್ಮ ಪಾಲಿನ ಕೆಲಸವೂ ಇದೆ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ಟೋ ಕೊಡೆಯೋ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ಅದನ್ನು ಸರಿಸಿ ಕೂರಬೇಡಿ. ನಮ್ಮ ಬಸ್ಸಿನ ಟವೆಲ್ ಪದ್ಧತಿಯೇ, ಇಲ್ಲಿ "ಚೋಪ್" ಅನ್ನುತ್ತಾರೆ. ಊಟ ಆದ ಮೇಲೆ ತಟ್ಟೆಯನ್ನು ನೀವೇ ಒಯ್ದು ಇಡಬೇಕು. ಹಾಕರ್ ಸೆಂಟರುಗಳಲ್ಲಿ 2021ರ ಸೆಪ್ಟೆಂಬರ್ 1ರಿಂದ ಇದು ಕಡ್ಡಾಯ. ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೇ ಸಲಕ್ಕೆ 300 ಡಾಲರ್ ದಂಡ. ಹಲಾಲ್ ತಟ್ಟೆಗಳಿಗೆ ಬೇರೆ ಜಾಗ, ಉಳಿದದ್ದಕ್ಕೆ ಬೇರೆ ಜಾಗ ಇರುತ್ತದೆ. ಬೋರ್ಡ್ ನೋಡಿ ಇಡಿ.

ಎರಡು ಪ್ಲಸ್ ಗುರುತು ಕಂಡರೆ ಕ್ಯಾಲ್ಕುಲೇಟರ್ ತೆಗೀರಿ

ರೆಸ್ಟೋರೆಂಟ್ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆ ಇರುತ್ತದೆ. ಕೆಲವು ಕಡೆ ಕೊನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಇರುತ್ತದೆ. ಮೊದಲ ಪ್ಲಸ್ ಶೇ. 10 ಸರ್ವಿಸ್ ಚಾರ್ಜ್. ಎರಡನೆಯದು ಶೇ. 9 ಜಿಎಸ್‌ಟಿ, 2024ರ ಜನವರಿಯಿಂದ ಈ ದರ. ಎರಡನ್ನೂ ಕೂಡಿಸಿ 19 ಅಂದುಕೊಳ್ಳಬೇಡಿ. ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ ತೆರಿಗೆ ಬೀಳುತ್ತದೆ. ಮೆನುವಿನಲ್ಲಿ 20 ಡಾಲರ್ ಇದ್ದದ್ದು ಮೊದಲು 22 ಆಗುತ್ತದೆ, ಆಮೇಲೆ 23.98. ನಾಲ್ಕು ಜನ ತಿಂದು 100 ಆದರೆ ಕೊಡೋದು 119.90. ತಲೆಯಲ್ಲಿ ಐದನೇ ಒಂದು ಭಾಗ ಸೇರಿಸಿಕೊಂಡರೆ ಲೆಕ್ಕ ತಪ್ಪಲ್ಲ. ಹಾಕರ್ ಅಂಗಡಿಯಲ್ಲಿ ಬೋರ್ಡಿನಲ್ಲಿ ಇದ್ದಷ್ಟೇ ಕೊಡೋದು. ಪಾರ್ಸಲ್ ಡಬ್ಬಿಗೆ ಮಾತ್ರ 20-30 ಸೆಂಟ್ ಜಾಸ್ತಿ ಕೇಳಬಹುದು. ಟಿಪ್ಸ್ ಕೊಡುವ ರೂಢಿ ಎಲ್ಲೂ ಇಲ್ಲ.

ಈ ಸರ್ವಿಸ್ ಚಾರ್ಜ್ ಬಗ್ಗೆ ನನಗೊಂದು ಸಿಟ್ಟಿದೆ. ಈಗ ಎಷ್ಟೋ ಕಡೆ ಮೇಜಿನ ಮೇಲಿನ ಕ್ಯೂಆರ್ ಕೋಡ್ ನಾವೇ ಸ್ಕ್ಯಾನ್ ಮಾಡಬೇಕು, ಆರ್ಡರ್ ನಾವೇ ಒತ್ತಬೇಕು, ನೀರು ನಾವೇ ತರಬೇಕು. ಊಟವನ್ನು ಒಂದು ಯಂತ್ರ ಹಾಡು ಹೇಳಿಕೊಂಡು ತಂದು ನಿಲ್ಲುತ್ತದೆ, ತಟ್ಟೆ ಇಳಿಸಿಕೊಳ್ಳೋದೂ ನಾವೇ. ಆಮೇಲೆ ಬಿಲ್ಲಿನಲ್ಲಿ ಶೇ. 10 ಸರ್ವಿಸ್. ಯಾರ ಸರ್ವಿಸ್ ಇದು, ನನ್ನದೇ ಅಲ್ವಾ? ಇಂಥ ಕಡೆ ಊಟ ತುಂಬಾ ಚೆನ್ನಾಗಿದ್ದರೆ ಮಾತ್ರ ಎರಡನೇ ಸಲ ಹೋಗುತ್ತೇನೆ.

ಇನ್ನು ಮೇಜಿಗೆ ಕೇಳದೇ ಬರುವ ವಸ್ತುಗಳು. ಒಮ್ಮೆ ಕುಂದಾಪುರದಿಂದ ಬಂದ ಚಿಕ್ಕಪ್ಪನನ್ನು ಚಿಲ್ಲಿ ಕ್ರ್ಯಾಬ್ ತಿನ್ನಿಸೋಣ ಅಂತ ಒಂದು ಸೀಫುಡ್ ರೆಸ್ಟೋರೆಂಟಿಗೆ ಕರಕೊಂಡು ಹೋಗಿದ್ದೆ. ಕೂತ ತಕ್ಷಣ ಕಡಲೆಬೀಜದ ಬಟ್ಟಲು, ಒದ್ದೆ ಟವೆಲ್, ಚಹಾ ಬಂತು. ಎಲ್ಲವೂ ಬಿಲ್ಲಿನಲ್ಲಿ ಬಂತು, ಚಹಾ ತಲೆಗೆ ಇಷ್ಟು ಅಂತ. ಟವೆಲ್ಲಿಗೂ ದುಡ್ಡು ಹಾಕಿದ್ದು ನೋಡಿ ಚಿಕ್ಕಪ್ಪ, "ಎಂತ ಮಾರಾಯಾ, ಕೈ ಒರ್ಸುಕೂ ದುಡ್ಡಾ?" ಅಂದರು. ಬೇಡ ಅಂದರೆ ವಾಪಸ್ ತಗೊಂಡು ಹೋಗುತ್ತಾರೆ, ಬಿಲ್ಲಿನಿಂದಲೂ ತೆಗೆಯುತ್ತಾರೆ. ಮುಟ್ಟುವ ಮೊದಲು ಹೇಳಬೇಕು ಅಷ್ಟೇ. ಬರೀ ನೀರಿಗೂ ಕೆಲವು ಕಡೆ ತಲೆಗೆ ಅರ್ಧ ಡಾಲರ್ ಹಾಕುತ್ತಾರೆ. ನಲ್ಲಿ ನೀರು ಇಲ್ಲಿ ಧೈರ್ಯವಾಗಿ ಕುಡೀಬಹುದು, ಬಾಟಲಿ ತುಂಬಿಸಿಕೊಂಡು ಹೋಗಿ.

ಏಡಿ ವಿಷಯದಲ್ಲಿ ಮಾತ್ರ ಚಿಕ್ಕಪ್ಪ ಜಾಣರು. ಮೆನುವಿನಲ್ಲಿ "ಸೀಸನಲ್ ಪ್ರೈಸ್" ಅಂತ ಇತ್ತು. ಹುಡುಗ 100 ಗ್ರಾಮಿನ ರೇಟು ಹೇಳಿದ. ಚಿಕ್ಕಪ್ಪ ಎದ್ದು ಹೋಗಿ ತೊಟ್ಟಿಯಲ್ಲಿದ್ದ ಏಡಿಗೇ ಬೆರಳು ತೋರಿಸಿ, ತಕ್ಕಡಿಗೆ ಹಾಕಿಸಿ, ಇಡೀ ಏಡಿಗೆ ಎಷ್ಟು ಅಂತ ಬರೆಸಿಕೊಂಡೇ ಹೂಂ ಅಂದರು. ನೀವೂ ಹಾಗೇ ಮಾಡಿ. ಕಿಲೋಗೆ ನೂರು ಡಾಲರ್ ಆಸುಪಾಸು ನಡೆಯುವ ಪದಾರ್ಥ ಇದು, ನಾಚಿಕೆಗೆ ಜಾಗ ಇಲ್ಲ. ಜೊತೆಗೆ ಮಾಂಟೋ ಅನ್ನುವ ಕರಿದ ಬನ್ ತಗೊಳ್ಳಿ. ದುಡ್ಡಿನ ಅರ್ಧ ಇರೋದು ಆ ಗ್ರೇವಿಯಲ್ಲಿ, ಅದನ್ನು ತಟ್ಟೆಯಲ್ಲಿ ಬಿಟ್ಟು ಬರಬಾರದು.

ಸಸ್ಯಾಹಾರಿಗಳಿಗೆ

"ನೋ ಮೀಟ್" ಅಂದರೆ ಇಲ್ಲಿ ತುಂಡು ಇಲ್ಲ ಅಂತ ಮಾತ್ರ ಅರ್ಥ. ಸೊಪ್ಪಿನ ಪಲ್ಯದಲ್ಲಿ ಆಯ್ಸ್ಟರ್ ಅನ್ನುವ ಚಿಪ್ಪುಜೀವಿಯ ಸಾಸ್ ಇರುತ್ತದೆ, ಸಂಬಾಲ್ ಚಟ್ನಿಯಲ್ಲಿ ಬೆಲಚಾನ್ ಅನ್ನುವ ಒಣ ಸಿಗಡಿ ಮುದ್ದೆ ಇರುತ್ತದೆ, ಸೂಪಿಗೆ ಮೂಳೆ ನೀರು ಬಿದ್ದಿರುತ್ತದೆ. ಪ್ರತಿ ಅಂಗಡಿಯಲ್ಲೂ ಇದನ್ನು ವಿವರಿಸುತ್ತಾ ನಿಲ್ಲೋದಕ್ಕಿಂತ ಬೌದ್ಧರ ಸಸ್ಯಾಹಾರಿ ಅಂಗಡಿ ಹುಡುಕೋದು ವಾಸಿ. ಬಹಳಷ್ಟು ಹಾಕರ್ ಸೆಂಟರುಗಳಲ್ಲಿ ಒಂದಾದರೂ ಇರುತ್ತದೆ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕಲ್ಲ, ನಮ್ಮ ಮಠದ ಊಟದ ಹಾಗೇ. ಚೀನೀ ತಿಂಗಳ ಮೊದಲನೇ ದಿನ ಮತ್ತು ಹದಿನೈದನೇ ದಿನ ಅಲ್ಲಿ ಕ್ಯೂ ಉದ್ದ, ಆದರೆ ಅಡುಗೆಯೂ ಅವತ್ತು ಬಿಸಿಬಿಸಿ.

ನನ್ನ ಹೆಂಡತಿ ಅಲ್ಲಿ ತಿನ್ನೋದು ಬೀ ಹೂನ್. ಅಕ್ಕಿ ಶಾವಿಗೆ ಹುರಿದು, ಮೇಲೆ ಎಲೆಕೋಸು, ಕರಿದ ಸೋಯಾ ಹಾಳೆ ಇಡುತ್ತಾರೆ. ಪಕ್ಕದಲ್ಲಿ ಬಾತುಕೋಳಿ, ಹಂದಿ ಮಾಂಸದ ಥರ ಕಾಣುವ ಕೆಂಪು ತುಂಡುಗಳಿರುತ್ತವೆ. ಸೋಯಾ ಮತ್ತು ಗೋಧಿಯದ್ದು. ಅವಳಿಗೆ ಅದನ್ನು ನೋಡಿದರೇ ಆಗಲ್ಲ. ನಿಮಗೂ ಹಾಗಾದರೆ ಬರೀ ಶಾವಿಗೆ, ತರಕಾರಿ ಕೇಳಿ. ಬೆಲೆಯೂ ಕಮ್ಮಿ ಆಗುತ್ತದೆ. ಮೊಟ್ಟೆ ತಿನ್ನದವರು ಮೊಟ್ಟೆ ಇದೆಯಾ ಅಂತ ಬೇರೆಯಾಗಿಯೇ ಕೇಳಬೇಕು. ಇಡ್ಲಿ, ದೋಸೆಯೇ ಬೇಕು ಅಂದರೆ ಲಿಟಲ್ ಇಂಡಿಯಾ ಇದ್ದೇ ಇದೆ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ನಡೆಯುತ್ತಿದೆ.

ಕ್ಯೂ, ಸ್ಟಿಕ್ಕರು, ನಕ್ಷತ್ರ

ಕ್ಯೂ ಉದ್ದ ಇದೆ ಅಂತ ಸುಮ್ನೆ ಹೋಗಿ ನಿಲ್ಲಬೇಡಿ. ನಿಂತವರು ಯಾರು ನೋಡಿ. ಕೊರಳಲ್ಲಿ ಆಫೀಸ್ ಕಾರ್ಡ್ ಇರುವವರು, ಕೈಯಲ್ಲಿ ಸ್ವಂತ ಡಬ್ಬಿ ಹಿಡಿದ ಅಜ್ಜಂದಿರು ನಿಂತಿದ್ದರೆ ನಂಬಬಹುದು. ಎಲ್ಲರ ಕೈಯಲ್ಲೂ ಕ್ಯಾಮೆರಾ ಇದ್ದರೆ ಅವರೂ ನಿಮ್ಮ ಹಾಗೇ ಎಲ್ಲೋ ನೋಡಿಕೊಂಡು ಬಂದವರು.

ಕೆಲವು ಅಂಗಡಿಗಳ ಮುಂದೆ, ಒಳ್ಳೆ ಊಟಕ್ಕೆ ನಕ್ಷತ್ರ ಕೊಡುವ ಮಿಶೆಲಿನ್ ಕೈಪಿಡಿಯ ಸ್ಟಿಕ್ಕರು ಇರುತ್ತದೆ. ಅದರಲ್ಲಿ ಇಸವಿ ಓದಿ. 2016ರಲ್ಲಿ ಇಲ್ಲಿಯ ಎರಡು ಹಾಕರ್ ಅಂಗಡಿಗಳಿಗೆ ನಕ್ಷತ್ರ ಸಿಕ್ಕಾಗ ಜಗತ್ತೇ ಮಾತಾಡಿತು. ಅದರಲ್ಲಿ ಒಂದು, ಚೈನಾಟೌನಿನ ಸೋಯಾ ಸಾಸ್ ಕೋಳಿಯ ಅಂಗಡಿ, 2021ರಲ್ಲಿ ನಕ್ಷತ್ರ ಕಳಕೊಂಡಿತು. ನಮ್ಮಂಥವರಿಗೆ ನಕ್ಷತ್ರಕ್ಕಿಂತ ಬಿಬ್ ಗೂರ್ಮಾಂಡ್ ಪಟ್ಟಿ ಉಪಯೋಗ. ಮಿತವಾದ ಬೆಲೆಗೆ ಒಳ್ಳೆ ಊಟ ಕೊಡುವವರಿಗೆ ಕೊಡುವ ಗುರುತು ಅದು. ಅಲ್ಲೂ ಇಸವಿ ನೋಡಿ.

ಫೋನಿನಲ್ಲಿ ರೇಟಿಂಗ್ ನೋಡುವುದಾದರೆ ಅಂಕಿ ಬಿಡಿ, ಹೊಸ ಫೋಟೊಗಳನ್ನು ನೋಡಿ. ಹೋದ ತಿಂಗಳ ತಟ್ಟೆಯೂ ಮೂರು ವರ್ಷದ ಹಿಂದಿನ ತಟ್ಟೆಯೂ ಒಂದೇ ಥರ ಇವೆಯಾ, ಇಲ್ಲ ಮಾಂಸದ ತುಂಡು ಚಿಕ್ಕದಾಗುತ್ತಾ ಬಂದಿದೆಯಾ ಅಂತ ತಿಳಿಯುತ್ತದೆ. ಒಂದು ನಕ್ಷತ್ರ ಕೊಟ್ಟವರ ಮಾತುಗಳನ್ನೂ ಓದಿ. "ಆಂಟಿ ಒರಟು", "ತುಂಬಾ ಹೊತ್ತು ಕಾಯಬೇಕು" ಅಂತ ಇದ್ದರೆ ಧೈರ್ಯವಾಗಿ ಹೋಗಿ. "ಹೊಟ್ಟೆ ಕೆಟ್ಟಿತು", "ಸಾಸ್ ಮೊದಲಿನ ಹಾಗಿಲ್ಲ" ಅಂತ ಇಬ್ಬರು ಮೂವರು ಬರೆದಿದ್ದರೆ ಬಿಟ್ಟುಬಿಡಿ.

ಮೊದಲ ದಿನಕ್ಕೆ ಒಂದು ಲೆಕ್ಕ

ನಾಲ್ಕು ಜನ ಇದ್ದೀರಿ ಅಂದುಕೊಳ್ಳಿ. ಒಂದೇ ಹಾಕರ್ ಸೆಂಟರಿನಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಅಂಗಡಿಗೆ ಹೋಗಿ. ಚಿಕನ್ ರೈಸ್ 5 ಡಾಲರ್, ಚಾರ್ ಕ್ವೇ ಟಿಯೋ 5, ಸಸ್ಯಾಹಾರಿ ಬೀ ಹೂನ್ 4, ಎರಡು ಪ್ರಾಟ 3, ಎರಡು ಕೋಪಿ 3. ಒಟ್ಟು 20. ರೆಸ್ಟೋರೆಂಟಿನಲ್ಲಿ ಒಬ್ಬರ ಊಟಕ್ಕೆ ಆಗುವ ದುಡ್ಡು.

ಕೋಪಿ ಅಂದರೆ ಕಂಡೆನ್ಸ್ಡ್ ಹಾಲಿನ ಗಟ್ಟಿ ಕಾಫಿ, ಬೀಜವನ್ನು ಸಕ್ಕರೆ, ಬೆಣ್ಣೆಯಂಥ ಜಿಡ್ಡು ಹಾಕಿ ಹುರಿದಿರುತ್ತಾರೆ. ಫಿಲ್ಟರ್ ಕಾಫಿ ರುಚಿ ನಿರೀಕ್ಷೆ ಮಾಡಬೇಡಿ. ಸಿಹಿ ಕಮ್ಮಿ ಬೇಕಾದರೆ "ಸ್ಯೂ ಡೈ", ಹಾಲು ಬೇಡವಾದರೆ "ಕೋಪಿ ಓ", ಸಕ್ಕರೆಯೂ ಬೇಡವಾದರೆ "ಕೋಪಿ ಓ ಕೋಸೊಂಗ್". ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ ಈ ಕೊನೆಯದನ್ನು ಬರೆದಿಟ್ಟುಕೊಳ್ಳಿ.

ನಗದು ಇಟ್ಟುಕೊಂಡಿರಿ, ಐದು ಮತ್ತು ಹತ್ತರ ನೋಟು. ಎಷ್ಟೋ ಅಂಗಡಿಗಳಲ್ಲಿ ಊರಿನ ಕ್ರೆಡಿಟ್ ಕಾರ್ಡ್ ನಡೆಯಲ್ಲ, ಸ್ಥಳೀಯರ ಫೋನ್ ಪಾವತಿ ನಿಮಗೆ ಬರಲ್ಲ. ಹನ್ನೊಂದೂವರೆಗೆ ಹೋಗಿ. ಹನ್ನೆರಡಕ್ಕೆ ಕಚೇರಿಗಳು ಬಿಡುತ್ತವೆ, ಎರಡರ ಹೊತ್ತಿಗೆ ಒಳ್ಳೆ ಅಂಗಡಿಗಳಲ್ಲಿ ಪದಾರ್ಥ ಖಾಲಿ. ಹೋಗುವ ಮೊದಲು ಆ ಸೆಂಟರ್ ಸ್ವಚ್ಛತೆಗೆ ಮುಚ್ಚಿದೆಯಾ ಅಂತ ನೋಡಿ. ಮೂರು ತಿಂಗಳಿಗೊಮ್ಮೆ ಇಡೀ ಸೆಂಟರ್ ಮುಚ್ಚಿ ತೊಳೆಯುತ್ತಾರೆ, ದಿನಾಂಕಗಳನ್ನು ಸರ್ಕಾರ ಮೊದಲೇ ಪ್ರಕಟಿಸುತ್ತದೆ. ಸೋಮವಾರ ಮಾತ್ರ ಬೇಡ. ಹೆಸರು ಮಾಡಿದ ಎಷ್ಟೋ ಅಂಗಡಿಗಳಿಗೆ ಅವತ್ತು ರಜೆ.